ಸಸ್ಯಾಹಾರಿ ಗರ್ಭಿಣಿಗೆ ಕಬ್ಬಿಣಾಂಶ

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿರುವ ಮೂರ್ನಾಡಿನ ಸುತ್ತಮುತ್ತ ಕಾಫಿತೋಟಗಳೇ ಹೆಚ್ಚು. ಕೊಡಗಿನ ಊಟವೆಂದೊಡನೆ ಹೊರಗಿನವರಿಗೆ ಮಾಂಸದ ಅಡುಗೆ ನೆನಪಾಗುವುದು. ಆದರೆ ಆಚಾರದಿಂದ ಸಸ್ಯಾಹಾರಿಗಳಾದ ಕುಟುಂಬಗಳು ಇಲ್ಲಿಯೂ ಇವೆ. ಬಡತನದ ಕಾರಣ ವಾರದ ಬಹುಪಾಲು ದಿನ ಅನ್ನ, ತಿಳಿಸಾರಿನಲ್ಲಿಯೇ ಊಟ ಮುಗಿಸುವ ತೋಟದ ಕೂಲಿಕಾರರ ಮನೆಗಳೂ ಇವೆ. ಇಂತಹ ಮನೆಯ ಹೆಣ್ಣುಮಗಳು ಗರ್ಭವತಿಯಾದಾಗ, ಮಾಂಸವಿಲ್ಲದೆ ರಕ್ತ ಹೆಚ್ಚುವುದೇ ಎಂಬ ಸಂದೇಹ ಏಳುವುದು ಸಹಜ. ಹೆಚ್ಚುತ್ತದೆ. ಆದರೆ ಅದಕ್ಕೆ ಕೊಂಚ ತಿಳಿವಳಿಕೆ ಬೇಕು.

ಗರ್ಭದಲ್ಲಿರುವ ಶಿಶುವನ್ನು ಪೋಷಿಸಲು ತಾಯಿಯ ದೇಹದಲ್ಲಿ ರಕ್ತದ ಪ್ರಮಾಣವು ಹೆಚ್ಚು ಕಡಿಮೆ ಒಂದೂವರೆ ಪಟ್ಟಾಗುತ್ತದೆ. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಅಂತಹ ತಾಯಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಕೂಸಿನ ತೂಕ ಕಡಿಮೆಯಾಗಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ಹೆರಿಗೆಯ ಕಾಲದ ರಕ್ತಸ್ರಾವವನ್ನು ಆಕೆಯ ದೇಹವು ತಾಳಲಾರದು. 2018ರ ಆಗಸ್ಟ್ ತಿಂಗಳಿನಲ್ಲಿ ಗುಡ್ಡಗಳು ಕುಸಿದು ಈ ಜಿಲ್ಲೆಯ ಅನೇಕ ರಸ್ತೆಗಳು ಕಡಿದುಹೋದುದನ್ನು ಯಾರೂ ಮರೆತಿಲ್ಲ. ಅಂತಹ ಮಳೆಯಲ್ಲಿ ಆಸ್ಪತ್ರೆಯ ರಕ್ತವನ್ನು ನಂಬಿ ಕುಳಿತುಕೊಳ್ಳಲಾಗದು. ತಾಯಿಯ ಮೈಯಲ್ಲಿಯೇ ರಕ್ತ ಇರಬೇಕು.

ಗರ್ಭಿಣಿಗೆ ದಿನವೊಂದಕ್ಕೆ 27 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದೆ. ನಮ್ಮ ಅಕ್ಕಿರೊಟ್ಟಿ, ಕಡಂಬುಟ್ಟು, ನೂಪುಟ್ಟು, ಅನ್ನ ಎಲ್ಲವೂ ಅಕ್ಕಿಯವೇ. ನೂರು ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಇಲ್ಲ. ಅಷ್ಟೇ ತೂಕದ ಹುರುಳಿಯಲ್ಲಿ ಸುಮಾರು 8 ಮಿಲಿಗ್ರಾಂ ಇದೆ. ಹುರುಳಿಯು ಉಷ್ಣವೆಂದು ಹಿರಿಯರು ಬೇಡವೆಂದರೆ ವಾದಕ್ಕಿಳಿಯಬೇಕಾಗಿಲ್ಲ. ಅಲಸಂದೆ, ಹೆಸರುಕಾಳು, ಕಡಲೆ ಆದೀತು. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಅದರ ಕಬ್ಬಿಣಾಂಶವು ದೇಹಕ್ಕೆ ಹೆಚ್ಚು ದಕ್ಕುತ್ತದೆ. ದಿನಕ್ಕೊಂದು ಬಗೆಯ ಸೊಪ್ಪು, ಹಿತ್ತಿಲಿನ ನುಗ್ಗೆಯಾಗಲಿ ಹರಿವೆಯಾಗಲಿ, ಊಟದಲ್ಲಿರಲಿ. ವಾರಕ್ಕೆ ಕೆಲವು ದಿನ ರಾಗಿಯನ್ನು ಬಳಸಿದರೆ ಸುಣ್ಣದಂಶವೂ ದೊರೆಯುವುದು.

ಸಸ್ಯಗಳ ಕಬ್ಬಿಣಾಂಶವು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಹುಳಿಹಣ್ಣಿನ ಸಿ ಜೀವಸತ್ವವು ಜೊತೆಗಿದ್ದರೆ ಹತ್ತುತ್ತದೆ. ಸೊಪ್ಪಿನ ಪಲ್ಯದ ಮೇಲೆ ಹಿಂಡಿದ ನಿಂಬೆ, ಊಟದ ಕೊನೆಯಲ್ಲಿ ಒಂದು ನೆಲ್ಲಿಕಾಯಿ, ಕಾಫಿಕೊಯ್ಲಿನ ಹೊತ್ತಿಗೆ ಹಣ್ಣಾಗುವ ಕೊಡಗಿನ ಕಿತ್ತಳೆ, ಇವು ಈ ಕೆಲಸವನ್ನು ಮಾಡುತ್ತವೆ. ಇದಕ್ಕೆ ತದ್ವಿರುದ್ಧವಾದುದು ಊಟದೊಡನೆ ಕುಡಿಯುವ ಕಾಫಿ, ಚಹಾ. ಅವುಗಳಲ್ಲಿರುವ ಒಗರು ಪದಾರ್ಥಗಳು ಕಬ್ಬಿಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ಸೇರಗೊಡುವುದಿಲ್ಲ. ಬೆಲ್ಲದ ಕಾಫಿಯಾದರೆ ರಕ್ತಕ್ಕೆ ಒಳ್ಳೆಯದೆಂಬ ಮಾತನ್ನು ಈ ಕಡೆ ಕೇಳಿದ್ದೇವೆ. ಬೆಲ್ಲ ಕೊಡುವ ಅಲ್ಪಸ್ವಲ್ಪವನ್ನೂ ಕಾಫಿಯೇ ತಡೆಯುತ್ತದೆ! ಕಾಫಿಯ ನಾಡಿನಲ್ಲಿ ಕಾಫಿಯನ್ನೇ ಬಿಡಿರೆಂದು ಹೇಳುವುದಿಲ್ಲ. ದಿನಕ್ಕೆ ಎರಡು ಸಣ್ಣ ಲೋಟ ಸಾಕು. ಅದೂ ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಊಟವಾಗಿ ಎರಡು ಗಂಟೆಗಳಾದ ಮೇಲೆ.

ಆಹಾರವೊಂದರಿಂದಲೇ ಈ ಕೊರತೆಯು ತುಂಬದು. ಆದುದರಿಂದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನುಂಗಬೇಕು. ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಮಲವು ಕಪ್ಪಾದರೆ ಹೆದರಬೇಡಿರಿ. ಮಾತ್ರೆಯಿಂದ ಮಗು ಕಪ್ಪಾಗುವುದೆಂಬುದು ಸುಳ್ಳು. ಸುಣ್ಣದಂಶದ ಮಾತ್ರೆಯನ್ನು ಇದರ ಜೊತೆಯಲ್ಲಿ ನುಂಗದೆ ಬೇರೆ ಹೊತ್ತಿನಲ್ಲಿ ನುಂಗಿರಿ.

ರಕ್ತಕ್ಕೆ ಬೇಕಾದ ಬಿ-12 ಜೀವಸತ್ವವು ಕಾಳು ಸೊಪ್ಪುಗಳಲ್ಲಿಲ್ಲ. ಸಸ್ಯಾಹಾರಿಗಳಿಗೆ ಅದು ಹಾಲು, ಮೊಸರಿನಿಂದ ಬರಬೇಕು. ನೀರುಮಜ್ಜಿಗೆಯಿಂದ ಹೆಚ್ಚೇನೂ ಸಿಗದು. ಹಾಲು ಸೇರದವರು ವೈದ್ಯರಿಗೆ ತಿಳಿಸತಕ್ಕದ್ದು.

ಈಗ ಪತಿಯರಿಗೆ ಒಂದು ಮಾತು. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಂಗಸಿನ ತಟ್ಟೆಗೆ ಬರುವುದು ಅನ್ನವೇ ಹೊರತು ಕಾಳಲ್ಲ. ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುವುದೆಂದು ಆಕೆಯ ಊಟವನ್ನು ಕಡಿಮೆ ಮಾಡುವ ಮನೆಗಳೂ ಇವೆ. ಇದು ತಪ್ಪು, ಮೊದಲ ಮೂರು ತಿಂಗಳು ಕಳೆದ ಮೇಲೆ ಆಕೆಗೆ ದಿನಕ್ಕೆ ಇನ್ನೊಂದು ಸಣ್ಣ ಊಟದಷ್ಟು ಆಹಾರವು ಹೆಚ್ಚಾಗಿಯೇ ಬೇಕು. ಪತ್ನಿಯೊಡನೆ ಕುಳಿತು ಉಂಡರೆ ಆಕೆಯ ತಟ್ಟೆಯಲ್ಲಿ ಏನಿದೆಯೆಂಬುದು ನಿಮಗೇ ಕಾಣುವುದು.

2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಮೂಲಕ ಗರ್ಭಿಣಿಯರಿಗೆ ಪೌಷ್ಟಿಕ ಊಟವನ್ನು ಗೊತ್ತುಮಾಡಲಾಯಿತು. ಮೊಟ್ಟೆಯನ್ನು ತಿನ್ನದವರಿಗೆ ಮೊಳಕೆಕಾಳು. ಗರ್ಭ ನಿಂತ ಸಂಗತಿ ತಿಳಿದೊಡನೆಯೇ ಅಂಗನವಾಡಿಯಲ್ಲಿ ಹೆಸರು ಬರೆಸಿ, ತಾಯಿ ಕಾರ್ಡನ್ನು ಪಡೆದು, ಪ್ರತಿ ತಪಾಸಣೆಯಲ್ಲಿಯೂ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಕೇಳಿ ಅದರಲ್ಲಿ ಬರೆಯಿಸಿಕೊಳ್ಳಿರಿ.