ಎಫ್‌ಐಆರ್‌ನಲ್ಲಿರುವ ಕಲಂಗಳನ್ನು ಓದುವುದು ಹೇಗೆ?

ಶಿವಮೊಗ್ಗದ ದೊಡ್ಡಪೇಟೆ ಠಾಣೆಯಲ್ಲಾಗಲಿ, ಭದ್ರಾವತಿಯ ಪೇಪರ್ ಟೌನ್ ಠಾಣೆಯಲ್ಲಾಗಲಿ ಮನೆಯವರ ಮೇಲೆ ಕೇಸಾಯಿತೆಂದರೆ ಎಲ್ಲರೂ ಮೊದಲು ಕೇಳುವುದು ‘ಎಷ್ಟು ವರ್ಷ ಆಗುತ್ತೆ?’ ಅಂತ. ಇದಕ್ಕಾಗಿ ಮಧ್ಯವರ್ತಿಗಳ ಕೈಗೆ ದುಡ್ಡು ಸುರಿಯಬೇಡಿ. ಅರ್ಧ ಉತ್ತರ ಎಫ್‌ಐಆರ್‌ನಲ್ಲೇ ಇರುತ್ತದೆ.

ಹಂತ 1: ಪ್ರತಿ ತೆಗೆದುಕೊಳ್ಳಿ. ದೂರುದಾರರಿಗೆ ಠಾಣೆಯಲ್ಲೇ ಉಚಿತವಾಗಿ ಕೊಡಬೇಕು. ಆರೋಪಿಯ ಕಡೆಯವರು ರಾಜ್ಯ ಪೊಲೀಸ್ ಜಾಲತಾಣದಲ್ಲಿ ಹುಡುಕಬಹುದು. ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಪ್ರಕರಣಗಳನ್ನು ಅಲ್ಲಿ ಹಾಕುವುದಿಲ್ಲ.

ಹಂತ 2: ಯಾವ ಕಾಯ್ದೆ ಎಂದು ನೋಡಿ. 2024ರ ಜುಲೈ 1ರಿಂದೀಚೆಗೆ ನಡೆದ ಹೊಡೆದಾಟ, ಕಳವು, ವಂಚನೆಗೆ ಭಾರತೀಯ ನ್ಯಾಯ ಸಂಹಿತೆ. ಅದಕ್ಕೂ ಹಿಂದಿನ ಘಟನೆಗೆ ಐಪಿಸಿ. ಎರಡೂ ಕೇಂದ್ರದವು, ಗಾಂಜಾ ಕೇಸಿನ ಎನ್‌ಡಿಪಿಎಸ್ ಕೂಡ. ರಾಜ್ಯದ ಕಾಯ್ದೆಗಳು ಬೇರೆ: ಓಸಿ, ಮಟ್ಕಾ, ಇಸ್ಪೀಟಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಅಕ್ರಮ ಮದ್ಯಕ್ಕೆ 1965ರ ಅಬಕಾರಿ ಕಾಯ್ದೆ, ಶ್ರೀಗಂಧ ಕಡಿದರೆ 1963ರ ಅರಣ್ಯ ಕಾಯ್ದೆ.

ಹಂತ 3: ಕಲಂ ಎದುರು ಶಿಕ್ಷೆ ಬರೆದುಕೊಳ್ಳಿ. ಬೀದಿ ಜಗಳದ ಕೇಸುಗಳಲ್ಲಿ ಸಾಮಾನ್ಯವಾಗಿ ಕಾಣುವ ನ್ಯಾಯ ಸಂಹಿತೆಯ ಕಲಂಗಳು ಇವು: ದಾರಿ ಅಡ್ಡಗಟ್ಟುವುದು 126(2), ಒಂದು ತಿಂಗಳವರೆಗೆ, ಕೈಯಿಂದ ಹೊಡೆಯುವುದು 115(2), ಒಂದು ವರ್ಷದವರೆಗೆ, ಚಾಕು, ಮಚ್ಚಿನಂಥ ಆಯುಧದಿಂದ ಗಾಯ ಮಾಡುವುದು 118(1), ಮೂರು ವರ್ಷದವರೆಗೆ, ಕೆಣಕುವಂತೆ ಬೈಯುವುದು 352, ಬೆದರಿಕೆ 351(2), ಎರಡಕ್ಕೂ ಎರಡು ವರ್ಷದವರೆಗೆ. ಜೊತೆಗೆ 3(5) ಇದ್ದರೆ ಗಾಬರಿಯಾಗಬೇಡಿ. ಅದಕ್ಕೆ ಪ್ರತ್ಯೇಕ ಶಿಕ್ಷೆಯಿಲ್ಲ, ಎಲ್ಲರೂ ಒಂದೇ ಉದ್ದೇಶದಿಂದ ಸೇರಿ ಮಾಡಿದರು ಎಂಬ ಆರೋಪ ಅದು. ‘ವರೆಗೆ’ ಎಂದರೆ ಗರಿಷ್ಠ ಮಿತಿ. ಎಲ್ಲ ವರ್ಷಗಳನ್ನೂ ಕೂಡಿ ಲೆಕ್ಕ ಹಾಕಿ ಮನೆಯವರನ್ನು ಹೆದರಿಸಬೇಡಿ.

ಹಂತ 4: ಗಾಯದ ಪ್ರಮಾಣಪತ್ರದ ಮೇಲೆ ಕಣ್ಣಿಡಿ. ಕೇಸಿನ ದಿಕ್ಕು ಬದಲಾಗುವುದು ಹೆಚ್ಚಾಗಿ ಇಲ್ಲಿಯೇ. ಗಾಯಾಳು ಮೆಗ್ಗಾನ್ ಆಸ್ಪತ್ರೆಗೆ ಹೋದರೆ ವೈದ್ಯರು ಗಾಯ ಸಾಮಾನ್ಯವೋ ತೀವ್ರವೋ ಎಂದು ಬರೆಯುತ್ತಾರೆ. ಬಾಯಿಗೆ ಬಿದ್ದ ಒಂದು ಗುದ್ದಿಗೆ ತುಟಿ ಮಾತ್ರ ಒಡೆದಿದ್ದರೆ 115(2). ಅದೇ ಗುದ್ದಿಗೆ ಹಲ್ಲು ಮುರಿದರೆ ಅದು ಕಾನೂನಿನ ಕಣ್ಣಿಗೆ ತೀವ್ರ ಗಾಯ. ಬೇಕೆಂದೇ ಮಾಡಿದ್ದೆಂದು ಸಾಬೀತಾದರೆ 117(2), ಏಳು ವರ್ಷದವರೆಗೆ. ಮೂಳೆ ಮುರಿದರೂ ಅಷ್ಟೇ. ಹದಿನೈದು ದಿನ ತೀವ್ರ ನೋವಿನಲ್ಲಿ ನರಳಿದರೂ, ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ತೀವ್ರ ಗಾಯವೇ. ಆದ್ದರಿಂದ ಹೊಡೆಸಿಕೊಂಡವರು ನಾಟಿ ಔಷಧಿ ಹಚ್ಚಿಕೊಂಡು ಸುಮ್ಮನಾಗದೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಬೇಕು. ಎಷ್ಟೋ ನಿಜವಾದ ಕೇಸುಗಳು ಸೊರಗುವುದು ದಾಖಲೆಯಿಲ್ಲದೆ.

ಹಂತ 5: ನೋಟಿಸು ಬಂದರೆ ಹಾಜರಾಗಿ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧಿಸಲೇಬೇಕೆಂದಿಲ್ಲ. ಬಂಧಿಸಿದರೆ ಪೊಲೀಸರು ಕಾರಣ ಬರೆದಿಡಬೇಕು. ಬಂಧನ ಬೇಡವೆನಿಸಿದಾಗ ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ನೋಟಿಸು ಕೊಡುತ್ತಾರೆ. ಅದನ್ನು ಕಡೆಗಣಿಸಿದರೆ ಬಂಧನಕ್ಕೆ ನೀವೇ ಕಾರಣ ಒದಗಿಸಿದಂತೆ. ಬಂಧಿಸಿದರೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಜಾಮೀನು ಸಿಗುವ ಅಪರಾಧವಾದರೆ ಜಾಮೀನು ನಿಮ್ಮ ಹಕ್ಕು.

ಹಂತ 6: ದೋಷಾರೋಪ ಪಟ್ಟಿಯನ್ನು ಎಫ್‌ಐಆರ್ ಜೊತೆ ಇಟ್ಟು ನೋಡಿ. ತನಿಖೆಯಲ್ಲಿ ಕಲಂಗಳು ಸೇರಬಹುದು, ಬಿಡಬಹುದು. ಬದಲಾದವಕ್ಕೆ ಗುರುತು ಹಾಕಿ, ಗಾಯದ ಪ್ರಮಾಣಪತ್ರದ ಪ್ರತಿಯೊಂದಿಗೆ ವಕೀಲರ ಬಳಿ ಹೋಗಿ. ಫೀಸಿಗೆ ಹಣವಿಲ್ಲದಿದ್ದರೆ ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ.