ಮರದಿಂದ ಬಿದ್ದವರ ಕಾಣದ ರಕ್ತಸ್ರಾವ



ಕೊನೆ ಕೊಯ್ಲಿಗೂ ಬೋರ್ಡೋ ದ್ರಾವಣ ಸಿಂಪಡಣೆಗೂ ಆಳುಗಳು ಅಡಿಕೆ ಮರ ಏರುವುದುಂಟು. ಬಿದ್ದವನ ತಲೆ, ಕೈಕಾಲು ನೋಡಿ ರಕ್ತ ಕಾಣದಿದ್ದರೆ ನಾವು ಸಮಾಧಾನಪಡುತ್ತೇವೆ. ಸೊಂಟ ಮುರಿದಿದ್ದರೆ ಈ ಸಮಾಧಾನವೇ ಪ್ರಾಣಾಂತಿಕ.

ಸೊಂಟದ ಎಲುಬು ಒಂದು ಉಂಗುರ. ಅದು ಮುರಿದು ಬಾಯ್ದೆರೆದಾಗ ಒಳಮೈಗೆ ಅಂಟಿಕೊಂಡ ತೆಳುವಾದ ಅಭಿಧಮನಿಗಳು ಹರಿಯುತ್ತವೆ. ಮುರಿದ ಎಲುಬಿನಿಂದಲೂ ರಕ್ತ ಒಸರುತ್ತದೆ. ಕೆಲವರಲ್ಲಿ ಅಪಧಮನಿಯೂ ಹರಿದಿರುತ್ತದೆ. ವಯಸ್ಕರ ದೇಹದಲ್ಲಿರುವುದೇ ಸುಮಾರು 5 ಲೀಟರು ರಕ್ತ. ಅದರಲ್ಲಿ 2 ಲೀಟರಿಗೂ ಹೆಚ್ಚು, ಹೊರಗೆ ಒಂದು ಹನಿ ಕಾಣದಂತೆ, ಒಳಗೇ ಸೇರಬಹುದು. ಒತ್ತಿ ಹಿಡಿಯಲು ಗಾಯವೇ ಇಲ್ಲ. ಆದ್ದರಿಂದ ಉಂಗುರವನ್ನೇ ಬಿಗಿಯಬೇಕು. ಆಗ ಎಲುಬು ಅಲುಗದೆ, ಹೆಪ್ಪುಗಟ್ಟಿದ ರಕ್ತ ಕದಡದೆ ನಿಲ್ಲುತ್ತದೆ.

ಬಿದ್ದವನು ಸೊಂಟ, ತೊಡೆಸಂದು ಅಥವಾ ಬೆನ್ನಿನ ಬುಡ ನೋಯುತ್ತದೆ ಎಂದರೆ, ಇಲ್ಲವೇ ಎಚ್ಚರ ತಪ್ಪಿದ್ದರೆ, ಸೊಂಟ ಮುರಿದಿದೆ ಎಂದೇ ಭಾವಿಸತಕ್ಕದ್ದು. ಮೈ ಬಿಳಿಚಿ, ತಣ್ಣನೆ ಬೆವರಿ, ನಾಡಿ ಓಡುತ್ತಿದ್ದರೆ ಒಳಗೆ ರಕ್ತ ಹೋಗುತ್ತಿದೆ. ಸೊಂಟವನ್ನು ಒತ್ತಿ, ಅಲುಗಿಸಿ ಪರೀಕ್ಷಿಸಕೂಡದು.

ಒಂದು ದುಪ್ಪಟಿಯನ್ನು ಗೇಣಗಲಕ್ಕಿಂತ ತುಸು ಹೆಚ್ಚಾಗಿ ಮಡಚಿ, ಮೊಣಕಾಲಿನ ಹಿಂಭಾಗದ ಸಂದಿಯಿಂದ ತೂರಿಸಿ ಮೆಲ್ಲನೆ ಮೇಲಕ್ಕೆ ಸರಿಸಿ. ಕಟ್ಟಬೇಕಾದ ಜಾಗ ಪಂಚೆ ಸಿಕ್ಕಿಸುವ ನಡುವಲ್ಲ. ತೊಡೆಯ ಮೇಲ್ತುದಿಯಲ್ಲಿ ಪಕ್ಕಕ್ಕೆ ಕೈಗೆ ಸಿಗುವ ಗಟ್ಟಿ ಎಲುಬಿನ ಮಟ್ಟ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೇಲೆ ಕಟ್ಟಿದರೆ ಉಂಗುರ ಸರಿಯಾಗಿ ಮುಚ್ಚುವುದಿಲ್ಲ. ಇಬ್ಬರು ಎದುರುಬದುರು ನಿಂತು ಸಮನಾಗಿ ಎಳೆದು ಗಂಟು ಹಾಕಿ. ಮೊಣಕಾಲು, ಪಾದಗಳನ್ನೂ ಜೋಡಿಸಿ ಕಟ್ಟಿ. ಈ ಕಟ್ಟನ್ನು ವೈದ್ಯರಲ್ಲದೆ ಬೇರಾರೂ ಬಿಚ್ಚಬಾರದು.

ರಿಕ್ಷಾದಲ್ಲಿ ಕೂರಿಸಿ ಒಯ್ಯುವುದು, ಕಂಬಳಿಯಲ್ಲಿ ಜೋಲಿ ಕಟ್ಟಿ ಹೊರುವುದು ಬೇಡವೇ ಬೇಡ. ಬಾಗಿಲ ಹಲಗೆಯಾದರೂ ಸರಿ, ಮಲಗಿಸಿಯೇ ಸಾಗಿಸಿ. ಮೈ ಬೆಚ್ಚಗಿಡಿ. ಬಿದ್ದವನಿಗೆ ಮೊದಲು ನೀರು ಕುಡಿಸುವುದು ನಮ್ಮಲ್ಲಿ ಹಳೆಯ ರೂಢಿ; ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಅದೂ ಕೂಡದು.

2008ರಿಂದ 108 ವಾಹನ ಇದೆ, ಕರೆಯಿರಿ. ಸಂತೆಗುಳಿಗೆ ಕುಮಟಾ ಹತ್ತಿರ. ಆದರೆ ಕುಮಟಾದಿಂದ ಕಾರವಾರ ಸುಮಾರು 70 ಕಿಲೋಮೀಟರು, ಮಣಿಪಾಲ ಅದಕ್ಕಿಂತ ದೂರ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಹೋರಾಡಿದ್ದು ಸುಮ್ಮನೆಯಲ್ಲ. ಈ ದೂರ ಕ್ರಮಿಸುವ ಮೊದಲೇ ಸಮೀಪದ ಆಸ್ಪತ್ರೆಯಲ್ಲಿ ಟ್ರಾನೆಕ್ಸಾಮಿಕ್ ಆಮ್ಲದ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸಾವು ತಗ್ಗಿಸಿತು. ಬೆಲೆ ದುಬಾರಿಯಲ್ಲ, ಆದರೆ ಬಿದ್ದ 3 ಗಂಟೆಯೊಳಗೆ ಕೊಡಬೇಕು. ಬಿದ್ದ ಗಂಟೆಯನ್ನು ಬರೆದುಕೊಂಡೇ ಹೊರಡಿ.

ಪಂಪುಮನೆಯಲ್ಲಿ ಒಂದು ಹಳೆ ದುಪ್ಪಟಿ, ಒಂದು ಉದ್ದ ಹಲಗೆ ಇರಲಿ. ಮರ ಏರುವವರ ರಕ್ತದ ಗುಂಪನ್ನು ಕೊಯ್ಲಿಗೆ ಮುಂಚೆಯೇ ಪರೀಕ್ಷಿಸಿ ಗೋಡೆಯ ಮೇಲೆ ಬರೆದಿಡಿ.