ಹಿಮ ಸುಟ್ಟ ವರ್ಷದ ಲಾತೂರ್

ಪ್ರಶ್ನೆ: ನನ್ನ ಸಂಗ್ರಹದಲ್ಲಿ 1991ರ ಶಾಟೊ ಲಾತೂರ್ ವೈನಿನ ಎರಡು ಬಾಟಲಿ ಇವೆ. ಆ ವರ್ಷವೇ ಕೆಟ್ಟದ್ದು ಎನ್ನುತ್ತಾರೆ. ಇನ್ನೂ ಇಟ್ಟುಕೊಳ್ಳಲೇ?

ಉತ್ತರ: ವರ್ಷ ಕೆಟ್ಟದ್ದು ನಿಜ, ಆದರೆ ಎಲ್ಲ ತೋಟಕ್ಕೂ ಒಂದೇ ಥರ ಅಲ್ಲ. 1991ರ ಏಪ್ರಿಲ್‌ನ ಒಂದು ರಾತ್ರಿ ಫ್ರಾನ್ಸಿನ ಬೋರ್ಡೋದಲ್ಲಿ ಬಿದ್ದ ಹಿಮಕ್ಕೆ ದ್ರಾಕ್ಷಿಯ ಎಳೆ ಚಿಗುರು ಕರಕಲಾಯಿತು. ಆಮೇಲೆ ಬಂದ ಎರಡನೇ ಚಿಗುರಿನ ಕಾಯಿ ತಡವಾಗಿ, ಏರುಪೇರಾಗಿ ಮಾಗಿತು. ಕೊಯ್ಲಿನ ಹೊತ್ತಿಗೆ ಮಳೆ ಬೇರೆ. ಅಲ್ಲಿಯ ಪೊಮೆರೋಲ್‌ನ ಪೆಟ್ರ್ಯೂಸ್ ತೋಟ ಆ ವರ್ಷದ ವೈನನ್ನೇ ಹೊರತರಲಿಲ್ಲ. ಲಾತೂರ್ ತೋಟವಿರುವುದು ಪೊಯಾಕ್‌ನಲ್ಲಿ, ಜಿರೋಂದ್ ಅಳಿವೆಯ ಪಕ್ಕದಲ್ಲೇ. ಅಷ್ಟಗಲದ ನೀರಿನ ಬಿಸುಪು ಅಲ್ಲಿಯ ಚಿಗುರನ್ನು ಒಂದಷ್ಟು ಕಾಪಾಡಿತು. ಆ ವರ್ಷದ ವೈನ್‌ಗಳಲ್ಲಿ ನನಗೆ ತುಂಬ ಪ್ರೀತಿಯದು ಇದೇ.

ಇನ್ನು ಕಾಯಬೇಡಿ. ಮೂವತ್ತು ದಾಟಿದ ಈ ವೈನ್ ಇನ್ನು ಮೇಲೇರುವುದಿಲ್ಲ. ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ. ವೈನಿನ ಮಟ್ಟ ಕತ್ತಿನಲ್ಲೇ ಇದ್ದರೆ ನಿಶ್ಚಿಂತೆ. ಭುಜದ ನಡುವಿಗೆ ಇಳಿದದ್ದನ್ನು ಮೊದಲು ತೆರೆಯಿರಿ. ಎರಡು ದಿನ ಮುಂಚೆ ನೆಟ್ಟಗೆ ನಿಲ್ಲಿಸಿಡಿ, ಗಸಿ ತಳಕ್ಕೆ ಕೂರಲಿ. ಹಳೆಯ ಬಿರಡೆ ಪುಡಿಯಾಗಬಹುದು. ತಿರುಪಿನ ಬದಲು ಎರಡು ಅಲಗಿನ ಓಪನರ್ ಬಳಸಿ. ಕತ್ತಿನ ಕೆಳಗೆ ಟಾರ್ಚ್ ಹಿಡಿದು, ಎಲ್ಲೂ ನಿಲ್ಲಿಸದೆ, ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ. ಕಪ್ಪು ಗಸಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ. ಗಂಟೆಗಟ್ಟಲೆ ಗಾಳಿಗೆ ಬಿಟ್ಟರೆ ಪರಿಮಳ ಹಾರಿಹೋಗುತ್ತದೆ. ಬಗ್ಗಿಸಿದ ತಕ್ಷಣ ಕುಡಿಯಲು ಶುರುಮಾಡಿ, ಖಾರದ ಊಟದ ಜೊತೆ ಮಾತ್ರ ಬೇಡ.